ನೊಣದ ಅಡುಗೆ, ಕೋಶದ ತಲೆ-ಬುಡ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ನೊಣಗಳಿಗೆಂದೇ ಅಡುಗೆಯಾಗುತ್ತದೆ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ. ಗಟ್ಟಿಯಾಗಲು ಅಗರ್, ಬೂಸ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ರವೆ, ಬೆಲ್ಲ ಯಾವ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುವ ಸಾಮಾನೇ. ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಹೀಗೆ ಹಣ್ಣಿನ ನೊಣಗಳ ಸಂತತಿಗಳನ್ನು ಬಾಟಲಿಗಳಲ್ಲಿ ಸಾಕುತ್ತ ಬಂದಿದೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆ ಕಟ್ಟಿದ ವಿಜ್ಞಾನಿ ಒಬೈದ್ ಸಿದ್ದಿಕಿ ವಾಸನೆ, ರುಚಿಗಳ ಗುಟ್ಟು ಹುಡುಕಿದ್ದೂ ಈ ನೊಣದಲ್ಲೇ. ತನ್ನ ತಲೆ ಯಾವುದು, ಬುಡ ಯಾವುದು ಎಂದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಗೂ ಬಹುಪಾಲು ಉತ್ತರ ಕೊಟ್ಟದ್ದು ಇದೇ ನೊಣ ಸಾಕುವ ಕಸುಬು.

ಕರುಳಿನ ಒಳಹೊದಿಕೆಯ ಕೋಶಗಳಿಗೆ ಎರಡು ಮುಖ. ಅನ್ನದ ಸಕ್ಕರೆ ಮೇಲ್ಮುಖದಿಂದ ಒಳಹೊಕ್ಕು ತಳದಿಂದ ರಕ್ತಕ್ಕೆ ಇಳಿಯಬೇಕು. ಮುಖ ತಪ್ಪಿದರೆ ಉಂಡದ್ದು ಮೈಗೆ ಹತ್ತದು. 1978ರಲ್ಲಿ ನ್ಯೂಯಾರ್ಕಿನ ಎನ್ರಿಕೆ ರೊಡ್ರಿಗೆಜ್-ಬೌಲಾನ್ ಮತ್ತು ಡೇವಿಡ್ ಸಬಟಿನಿ ನಾಯಿಯ ಮೂತ್ರಪಿಂಡದ ಕೋಶಗಳಿಗೆ ವೈರಸ್ ಹತ್ತಿಸಿ ನೋಡಿದರು. ಫ್ಲೂ ವೈರಸ್ ಮೇಲ್ಮುಖದಿಂದ ಹೊರಬಂತು. ದನಗಳ ಬಾಯಲ್ಲಿ ಹುಣ್ಣೆಬ್ಬಿಸುವ ಇನ್ನೊಂದು ವೈರಸ್ ತಳ ಮತ್ತು ಪಕ್ಕಗಳಿಂದ. ವಿಳಾಸ ನೋಡಿ ಸರಕು ಸಾಗಿಸುವ ಏರ್ಪಾಡು ಕೋಶದೊಳಗಿದೆ ಎಂಬುದು ಬಯಲಾಯಿತು.

ಆ ಏರ್ಪಾಡು ಹುಟ್ಟುವುದು ಹೇಗೆ?

ಹೈಡೆಲ್‌ಬರ್ಗಿನಲ್ಲಿ ಕ್ರಿಸ್ಟಿಯಾನೆ ನುಸ್ಲೈನ್-ಫೋಲ್ಹಾರ್ಡ್, ಎರಿಕ್ ವೀಷೌಸ್ ಮೊಟ್ಟೆಯಲ್ಲೇ ಸತ್ತ ನೊಣದ ಭ್ರೂಣಗಳ ಚರ್ಮವನ್ನು ಒಂದೊಂದಾಗಿ ಪರೀಕ್ಷಿಸಿದರು. ಕೆಲವುಗಳ ಚರ್ಮ ಚೂರುಚೂರಾಗಿತ್ತು. ಆ ದೋಷದ ಜೀನ್ 1984ರಲ್ಲಿ ಕ್ರಂಬ್ಸ್ ಎಂಬ ಹೆಸರಿನಲ್ಲಿ ಪಟ್ಟಿಗೆ ಸೇರಿತು. ಅದರ ಪ್ರೋಟೀನ್ ಹೊದಿಕೆಕೋಶದ ಮೇಲ್ಮುಖದಲ್ಲೇ ನೆಲೆಸುತ್ತದೆಂದು 1990ರಲ್ಲಿ ಎಲಿಸಬೆತ್ ಕ್ನುಸ್ಟ್ ತಂಡ ತೋರಿಸಿತು. ಸತ್ತ ಭ್ರೂಣವನ್ನು ಎಸೆಯದೆ ಕಣ್ಣಿಟ್ಟು ನೋಡಿದ ಆ ತಾಳ್ಮೆಗೆ 1995ರ ನೊಬೆಲ್ ಸಂದದ್ದು ನ್ಯಾಯವೇ.

ನೊಣದ ಮೊಟ್ಟೆಯಲ್ಲಿ ಮೊದಲಿಗೆ ಕೋಶಗಳ ನಡುವೆ ಪೊರೆಯೇ ಇಲ್ಲ. ಕೋಶಕೇಂದ್ರ 13 ಸುತ್ತು ವಿಭಜನೆಗೊಂಡು, ಸುಮಾರು 6,000 ಕೇಂದ್ರಗಳು ಮೊಟ್ಟೆಯ ಅಂಚಿಗೆ ಬಂದು ನಿಂತಮೇಲೆ ಅವುಗಳ ನಡುವೆ ಪೊರೆ ಇಳಿಯುತ್ತದೆ. ಆಗಲೇ ಬಜೂಕಾ ಎಂಬ ಪ್ರೋಟೀನ್ ಮೇಲಂಚಿನಲ್ಲಿ ನೆಲೆಯೂರುತ್ತದೆ. ಕ್ರಂಬ್ಸ್ ಬರುವುದು ಆಮೇಲೆ. ಡೇವಿಡ್ ಬಿಲ್ಡರ್, ನಾರ್ಬರ್ಟ್ ಪೆರಿಮಾನ್ 2000ದಲ್ಲಿ ವಿವರಿಸಿದ ಸ್ಕ್ರಿಬಲ್ ಎಂಬ ಪ್ರೋಟೀನ್ ಪಕ್ಕದ ಗೋಡೆಯನ್ನು ಕಾಯುತ್ತದೆ. ಅದಿಲ್ಲದಿದ್ದರೆ ಮೇಲಿನ ಪ್ರೋಟೀನ್‌ಗಳು ಕೆಳಗೂ ಹರಡಿ ಹೊದಿಕೆ ಕೆಡುತ್ತದೆ. ಮೇಲಿನ ಗುಂಪು, ಪಕ್ಕದ ಗುಂಪು ಒಂದನ್ನೊಂದು ತಡೆದು ಗಡಿ ನಿಲ್ಲಿಸುತ್ತವೆ ಎಂದು 2003ರ ಪ್ರಯೋಗಗಳು ತೋರಿಸಿದವು.

ಇದು ನೊಣಕ್ಕಷ್ಟೇ ಸೇರಿದ ಮಾತಲ್ಲ. ಮನುಷ್ಯರಲ್ಲೂ ಇರುವ ಕ್ರಂಬ್ಸ್ ಜೀನನ್ನು 1999ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಗುರುತಿಸಿದರು. ಅದು ಕೆಟ್ಟವರಲ್ಲಿ ಅಕ್ಷಿಪಟಲ ಸವೆದು ಎಳವೆಯಲ್ಲೇ ದೃಷ್ಟಿ ಕುಂದುತ್ತದೆ.