ಸಿಡಿಲಿನಿಂದ ಗೃಹೋಪಕರಣಗಳ ರಕ್ಷಣೆ

ಗುಡುಗು-ಸಿಡಿಲಿನ ವೇಳೆ ವಿದ್ಯುತ್ ತಂತಿ, ಟಿ.ವಿ. ಕೇಬಲ್ ಅಥವಾ ಡಿಶ್ ಮೂಲಕ ಮನೆಯೊಳಗೆ ನುಗ್ಗುವ ಅತಿವೋಲ್ಟೇಜಿನಿಂದ ಟಿ.ವಿ., ಫ್ರಿಜ್, ಕಂಪ್ಯೂಟರ್ ಮೊದಲಾದವನ್ನು ಉಳಿಸಿಕೊಳ್ಳುವ ಕ್ರಮ. ಇಂಥ ರಕ್ಷಣೆ ಬೇಕಾಗುವ ಊರುಗಳಲ್ಲಿ ಒಂದಾದ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ದುಂಡಸಿ ಮಲೆನಾಡಿನ ಅಂಚಿನಲ್ಲಿದೆ. ಇಲ್ಲಿಯೂ ನೆರೆಯ ಹಾನಗಲ್, ಸವಣೂರುಗಳಲ್ಲಿಯೂ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ ಗುಡುಗು, ಬಿರುಗಾಳಿಗಳೊಂದಿಗೆ ಬರುತ್ತದೆ. ಮುಂಗಾರು ಹಿಡಿದ ಮೇಲೆ ತಗ್ಗುವ ಸಿಡಿಲು ಅಕ್ಟೋಬರ್ ಹೊತ್ತಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಹಾನಿಯ ಬಗೆ: ಉಪಕರಣ ಸುಡಲು ಸಿಡಿಲು ಮನೆಗೇ ಬಡಿಯಬೇಕಿಲ್ಲ. ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಪ್ರವಾಹ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಏರುತ್ತದೆ. ಅದು ಹೊಲದಲ್ಲಿ ಹಾದುಹೋದ ತಂತಿಯ ಸಮೀಪ ಬಿದ್ದರೂ ಆ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಬೋರ್ಡಿನ ಎಂಸಿಬಿ ಸ್ವಿಚ್ ತಾನಾಗಿ ಬೀಳಲು ಮಿಲಿಸೆಕೆಂಡುಗಳು ಬೇಕು; ಅಷ್ಟರಲ್ಲಿ ಸರ್ಕ್ಯೂಟ್ ಸುಟ್ಟಿರುತ್ತದೆ. ಇನ್ನೊಂದು ಅಪಾಯ ಗಾಳಿಯದು. ಕೊಂಬೆ ಬಿದ್ದು ಕಂಬದ ನ್ಯೂಟ್ರಲ್ ತಂತಿ ತುಂಡಾದರೆ, 230 ವೋಲ್ಟ್ ಬರಬೇಕಾದ ಮನೆಗೆ 400 ವೋಲ್ಟ್‌ವರೆಗೂ ಬರಬಹುದು.

ಸಾಧನಗಳು: ಮೀಟರ್ ಬೋರ್ಡಿನ ಬಳಿ ಕೂಡಿಸುವ ಸರ್ಜ್ ರಕ್ಷಕದ (ಎಸ್‌ಪಿಡಿ) ಒಳಗೆ ಸಾಮಾನ್ಯವಾಗಿ ಸತುವಿನ ಆಕ್ಸೈಡಿನ ಬಿಲ್ಲೆ ಇರುತ್ತದೆ. ಮಾಮೂಲಿ ವೋಲ್ಟೇಜಿನಲ್ಲಿ ಅದು ವಿದ್ಯುತ್ತನ್ನು ಬಿಡುವುದಿಲ್ಲ. ವೋಲ್ಟೇಜ್ ಮಿತಿಮೀರಿದಾಗ ಮಾತ್ರ ಹೆಚ್ಚುವರಿ ಪ್ರವಾಹವನ್ನು ಭೂಮಿಗೆ ಹರಿಸುತ್ತದೆ. ಹೀಗಾಗಿ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಎಸ್‌ಪಿಡಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುವುದರಿಂದ ಅಡ್ಡಮಳೆಗೆ ಮುನ್ನವೇ ನೀರು ಹಾಕಿ, ಕ್ಲ್ಯಾಂಪಿನ ತುಕ್ಕು ತೆಗೆಸಬೇಕು. ಡಿಶ್‌ಗೆ ಪ್ರತ್ಯೇಕ ಅರ್ಥಿಂಗ್ ಇದ್ದರೆ ಅದನ್ನು ಮನೆಯ ಅರ್ಥಿಂಗಿಗೆ ಜೋಡಿಸಬೇಕು. ಸರ್ಜ್ ರಕ್ಷಕದ ಬಿಲ್ಲೆ ಪ್ರತಿ ಹೊಡೆತಕ್ಕೂ ಸವೆಯುತ್ತದೆ. ಸೂಚಕ ಕಿಟಕಿ ಕೆಂಪಾದರೆ ಬದಲಿಸಬೇಕು. ನ್ಯೂಟ್ರಲ್ ತುಂಡಾದಾಗ ಎಸ್‌ಪಿಡಿ ಸಾಲದು, ಅತಿವೋಲ್ಟೇಜಿಗೆ ಸಂಪರ್ಕ ಕಡಿಯುವ ರಿಲೇ ಬೇಕು. ಸ್ಟೆಬಿಲೈಜರ್ ವೋಲ್ಟೇಜಿನ ಏರಿಳಿತಕ್ಕೆ ಹೊರತು ಸಿಡಿಲಿಗಲ್ಲ.

ತಂತ್ರಾಂಶ: ಸಿಡಿಲು ಹೊರಡಿಸುವ ರೇಡಿಯೊ ಅಲೆ ಬೇರೆ ಬೇರೆ ಕೇಂದ್ರಗಳನ್ನು ಮುಟ್ಟಿದ ಸಮಯದ ವ್ಯತ್ಯಾಸದಿಂದ ಅದು ಬಿದ್ದ ಜಾಗವನ್ನು ಲೆಕ್ಕಹಾಕುತ್ತಾರೆ. ಇಂಥ ಮಾಹಿತಿಯನ್ನು ಮೊಬೈಲಿಗೆ ತಲುಪಿಸಲು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ‘ದಾಮಿನಿ’ ಆ್ಯಪನ್ನೂ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ‘ಸಿಡಿಲು’ ಆ್ಯಪನ್ನೂ ರೂಪಿಸಿವೆ. ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ 2020ರಲ್ಲಿ ಬಂತು. ಆ್ಯಪ್ ಇಲ್ಲದ ಫೋನಿಗೂ ಟವರಿನಿಂದ ನೇರವಾಗಿ ಎಚ್ಚರಿಕೆ ಕಳಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯನ್ನು 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಪರೀಕ್ಷಿಸಲಾಯಿತು. ಕಂಪ್ಯೂಟರಿಗೆ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ನಂಥ ಮುಕ್ತ ತಂತ್ರಾಂಶವಿದೆ, ಕರೆಂಟು ಹೋಗಿ ಯುಪಿಎಸ್ ಬ್ಯಾಟರಿ ಮುಗಿಯುತ್ತ ಬಂದಾಗ ಅದು ಯಂತ್ರವನ್ನು ಕ್ರಮವಾಗಿ ಮುಚ್ಚಿ ಕಡತಗಳು ಕೆಡದಂತೆ ನೋಡಿಕೊಳ್ಳುತ್ತದೆ.

ಬಳಕೆ: ಆ್ಯಪಿನಿಂದ ಸಿಗುವುದು ಸಮಯ ಮಾತ್ರ; ಆ ಸಮಯದಲ್ಲಿ ಸ್ವಿಚ್ ಆರಿಸಿದರೆ ಸಾಲದು. ಗೋಡೆಯ ಸ್ವಿಚ್ಚಿನ ಕೆಲವು ಮಿಲಿಮೀಟರ್ ಅಂತರವನ್ನು ಸಿಡಿಲಿನ ವೋಲ್ಟೇಜ್ ದಾಟಬಲ್ಲದು. ಆದ್ದರಿಂದ ಪ್ಲಗ್ ಕಿತ್ತು, ಡಿಶ್ ಕೇಬಲನ್ನೂ ಬಿಚ್ಚಿಡಬೇಕು. ಇದನ್ನು ಮೋಡ ಕವಿಯುವಾಗಲೇ ಮಾಡಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ, ಆಗ ಪ್ಲಗ್, ತಂತಿ ಮುಟ್ಟಬಾರದು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆಯೇ ಉಪಕರಣಗಳನ್ನು ಮತ್ತೆ ಜೋಡಿಸಬೇಕು.