ಆಮ್ಲಕ್ಕೆ ಬಗ್ಗದ ಕೆಂಪು ದಂಡಾಣು: ಕ್ಷಯವೆಂದು ಎಣಿಸಲಾದ ಬೇರೆ ಸೋಂಕುಗಳ ಚರಿತ್ರೆ

1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ದಂಡಾಣುವನ್ನು ತೋರಿಸಿಕೊಟ್ಟ. ಹೆಚ್ಚು ತಡವಿಲ್ಲದೆ ತ್ಸೀಲ್ ಮತ್ತು ನೀಲ್ಸನ್ ಅವರ ಬಣ್ಣದ ವಿಧಾನವೂ ಬಂತು. ಕಫದ ಲೇಪವನ್ನು ಆಮ್ಲದಿಂದ ತೊಳೆದ ಮೇಲೂ ಕೆಂಪು ಬಿಡದ ದಂಡಾಣು ಕಂಡರೆ ಕ್ಷಯ ಎಂಬ ರೂಢಿ ಬೇರೂರಿತು. ಆದರೆ ಬಣ್ಣವನ್ನು ಹಿಡಿದಿಡುವುದು ಜೀವಕೋಶದ ಗೋಡೆಯಲ್ಲಿರುವ ಮೈಕೋಲಿಕ್ ಆಮ್ಲ. ಅದು ಕ್ಷಯಾಣುವೊಂದರ ಸೊತ್ತಲ್ಲ, ಇಡೀ ಮೈಕೋಬ್ಯಾಕ್ಟೀರಿಯಂ ಕುಲದ್ದು.

ಇದು ತಜ್ಞರಿಗೆ ಗೊತ್ತಿರಲಿಲ್ಲವೆಂದಲ್ಲ. 1898ರ ಹೊತ್ತಿಗೇ ಮೋಲರ್ ಹುಲ್ಲಿನ ಮೇಲೆ ಇಂಥದೇ ದಂಡಾಣುವನ್ನು ಕಂಡಿದ್ದ. ಗಿನಿಯಿಲಿಗೆ ಚುಚ್ಚಿದಾಗ ಅದು ಕ್ಷಯದಿಂದ ಸಾಯದಿದ್ದರೆ ಅಂಥ ಅಣುವನ್ನು ನಿರುಪದ್ರವಿಯೆಂದೋ ಪ್ರಯೋಗಾಲಯದ ಕಶ್ಮಲವೆಂದೋ ಬದಿಗೆ ಸರಿಸುವುದು ವಾಡಿಕೆಯಾಯಿತು. ಮನುಷ್ಯನ ಶ್ವಾಸಕೋಶದ ಪ್ರಶ್ನೆಗೆ ಇಲಿಯ ದೇಹದಿಂದ ಉತ್ತರ ಪಡೆದದ್ದು ದುಬಾರಿಯಾಯಿತು.

1953ರಲ್ಲಿ ಬ್ಯೂಲರ್ ಮತ್ತು ಪೋಲಾಕ್, ಕ್ಷಯವನ್ನೇ ಹೋಲುವ ಕಾಯಿಲೆಗೆ 'ಹಳದಿ ದಂಡಾಣು' ಕಾರಣವೆಂದು ವರದಿ ಮಾಡಿದರು. ಇಂದಿನ ಮೈಕೋಬ್ಯಾಕ್ಟೀರಿಯಂ ಕನ್ಸಾಸಿ ಅದೇ. ಜಾರ್ಜಿಯಾದ ರೋಮ್ ಪಟ್ಟಣದ ಬ್ಯಾಟಿ ಆಸ್ಪತ್ರೆಯಲ್ಲಿ ಕ್ಷಯರೋಗಿಗಳೆಂದು ದಾಖಲಾಗಿದ್ದವರಲ್ಲೂ ಬೇರೊಂದು ಅಣು ಸಿಕ್ಕಿತು. 1957ರಲ್ಲಿ ಆ ವರದಿ ಬಂತು. 1959ರಲ್ಲಿ ರನ್ಯನ್ ಇವನ್ನೆಲ್ಲ ಬೆಳವಣಿಗೆಯ ವೇಗ ಮತ್ತು ಬಣ್ಣಗಳ ಆಧಾರದಲ್ಲಿ ನಾಲ್ಕು ಗುಂಪುಗಳಾಗಿ ವಿಂಗಡಿಸಿದ.

ಆ ದಶಕದಲ್ಲೇ ಏಕೆ? ಔಷಧಗಳೇ ಇವನ್ನು ಬಯಲಿಗೆಳೆದವು ಎನ್ನುವುದು ನನ್ನ ಅಭಿಪ್ರಾಯ. ವಿಶ್ರಾಂತಿ, ಶುದ್ಧ ಗಾಳಿಗಳೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಒಬ್ಬ ಬದುಕಿ ಇನ್ನೊಬ್ಬ ಸತ್ತರೆ ಯಾರೂ ಕಾರಣ ಕೆದಕುತ್ತಿರಲಿಲ್ಲ. ಸ್ಟ್ರೆಪ್ಟೊಮೈಸಿನ್, ಐಸೊನಿಯಾಜಿಡ್ ಬಂದ ಮೇಲೆ ಗುಣವಾಗದ ರೋಗಿಯೇ ಒಂದು ಪ್ರಶ್ನೆಯಾದ.

ನಮ್ಮ ಕಡೆ ಈ ಕಥೆ ಬೇರೆ ದಾರಿ ಹಿಡಿಯಿತು. ದಕ್ಷಿಣ ಭಾರತದ ಮಣ್ಣು, ನೀರುಗಳಲ್ಲಿ ಇಂಥ ಅಣುಗಳು ಹೇರಳ. ಕ್ಷಯದ ಸೋಂಕನ್ನು ಪತ್ತೆಹಚ್ಚಲು ಚುಚ್ಚುವ ಟ್ಯೂಬರ್ಕ್ಯುಲಿನ್‌ಗೆ ಆ ಸೋಂಕಿಲ್ಲದವರ ತೋಳೂ ಸಣ್ಣಗೆ ಊದುವುದು ಇಲ್ಲಿ ಸಾಮಾನ್ಯ. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಭಾಗದಲ್ಲಿ ಶುರುವಾದ ಬೃಹತ್ ಬಿಸಿಜಿ ಪ್ರಯೋಗದಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯಕ್ಕೆ ಲಸಿಕೆ ರಕ್ಷಣೆ ಕೊಡಲಿಲ್ಲ. ಪರಿಸರದ ಮೈಕೋಬ್ಯಾಕ್ಟೀರಿಯಾ ಮೊದಲೇ ದೇಹವನ್ನು ಪಳಗಿಸಿರುತ್ತವೆ ಎಂಬುದು ಅದಕ್ಕೆ ಕೊಟ್ಟ ವಿವರಣೆಗಳಲ್ಲಿ ಒಂದು. ಅದೊಂದೇ ಸಾಕೆನ್ನಲು ಬಾರದು.

ಚಿಕಿತ್ಸೆಯೂ ವೈದ್ಯರ ದಾರಿ ತಪ್ಪಿಸುತ್ತದೆ. ಕನ್ಸಾಸಿ ಸೋಂಕು ಕ್ಷಯದ ಔಷಧವಾದ ರಿಫಾಂಪಿಸಿನ್‌ಗೆ ಮಣಿಯುವುದರಿಂದ ರೋಗಿ ಗುಣವಾಗಿ, ಕ್ಷಯವೆಂಬ ತಪ್ಪು ನಿರ್ಣಯವೇ ಸರಿಯೆಂದು ತೋರುತ್ತದೆ. ಅದೇ ಕುಲದ ಅಬ್ಸೆಸಸ್ ಎಂಬ ಪ್ರಭೇದವಾದರೋ ಕ್ಷಯದ ಮುಖ್ಯ ಮಾತ್ರೆಗಳಿಗೆ ಜಗ್ಗುವುದಿಲ್ಲ. ಆಗ ರೋಗಿಗೆ 'ಔಷಧನಿರೋಧಕ ಕ್ಷಯ' ಎಂಬ ಹಣೆಪಟ್ಟಿ ಬೀಳುವ ಅಪಾಯವಿದೆ.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅನುಮೋದನೆ ಪಡೆದ, ಕ್ಷಯಾಣುವಿನ ಜೀನನ್ನು ಹುಡುಕುವ ಪರೀಕ್ಷೆ ನಮ್ಮಲ್ಲಿ ಸಿಬಿನ್ಯಾಟ್ ಎಂದೇ ಪರಿಚಿತ. ಅದು ಕ್ಷಯಾಣುವಿನ ಗುಂಪನ್ನು ಮಾತ್ರ ಗುರುತಿಸುತ್ತದೆ. ಲೇಪದಲ್ಲಿ ಕೆಂಪು ದಂಡಾಣು ಕಂಡರೂ ಸಿಬಿನ್ಯಾಟ್ ಕ್ಷಯಾಣು ಇಲ್ಲವೆಂದರೆ ವೈದ್ಯರು ಅಲ್ಲಿ ನಿಲ್ಲಬೇಕು, ಕಲ್ಚರ್ ಮಾಡಿಸಿ ಪ್ರಭೇದವನ್ನು ಕೇಳಬೇಕು. ಹಾಗೆಂದು ಕಲ್ಚರಿನಲ್ಲಿ ಬೆಳೆದದ್ದೆಲ್ಲ ಕಾಯಿಲೆಯೂ ಅಲ್ಲ, ನಲ್ಲಿಯ ನೀರಿನಿಂದಲೂ ಅಣು ಕಫದೊಳಕ್ಕೆ ಸೇರಬಹುದು. 2007ರ ಅಮೆರಿಕದ ಮಾರ್ಗಸೂಚಿ ರೋಗಲಕ್ಷಣ ಮತ್ತು ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನಿನ ಚಿಹ್ನೆಗಳ ಜೊತೆಗೆ, ಕಫವಾದರೆ ಬೇರೆ ಬೇರೆ ಸಲ ಕೊಟ್ಟ ಎರಡು ಮಾದರಿಗಳಲ್ಲಾದರೂ ಅಣು ಬೆಳೆದಿರಬೇಕೆಂದು ಹೇಳುವುದು ಇದಕ್ಕೇ.