ವ್ಯಾಪಾರ ಕೈಬದಲಾದಾಗ ನೌಕರರ ‘ರೈಟ್ ಟು ವರ್ಕ್’ ತಪಾಸಣೆ (ಬ್ರಿಟನ್)

ಬ್ರಿಟನ್ನಿನಲ್ಲಿ ನಡೆಯುತ್ತಿರುವ ಅಂಗಡಿ, ಹೋಟೆಲ್ ಅಥವಾ ಕೇರ್ ಹೋಮ್ ಕೊಂಡರೆ ಸಾಮಾನ್ಯವಾಗಿ ಅಲ್ಲಿನ ನೌಕರರೂ ಹೊಸ ಮಾಲೀಕರ ಕಡೆಗೆ ಬರುತ್ತಾರೆ. ಟ್ಯೂಪಿ ಎಂದು ಕರೆಯುವ 2006ರ ನಿಯಮಗಳ ಪ್ರಕಾರ ಅವರ ಕರಾರು, ಸೇವಾವಧಿ ಮುರಿಯದೆ ಮುಂದುವರಿಯುತ್ತವೆ. ಇವರಿಗೆ ಆ ದೇಶದಲ್ಲಿ ದುಡಿಯುವ ಹಕ್ಕಿದೆಯೇ ಎಂಬ ತಪಾಸಣೆಯ ಹೊಣೆಯೂ ಜೊತೆಗೇ ಬರುತ್ತದೆ.

ಹಳೆಯ ಮಾಲೀಕರು ಸರಿಯಾಗಿ ಮಾಡಿದ ತಪಾಸಣೆಯನ್ನು ಹೊಸಬರೇ ಮಾಡಿದಂತೆ ಎಣಿಸಲಾಗುತ್ತದೆ. ಕೇಳಲು ಹಗುರ, ಆದರೆ ಹಳೆಯ ಕಡತದಲ್ಲಿ ದಿನಾಂಕವಿಲ್ಲದ ಜೆರಾಕ್ಸ್ ಪ್ರತಿಯಷ್ಟೇ ಇದ್ದರೆ ಅದರ ದಂಡ ತೆರಬೇಕಾದವರು ಹೊಸ ಮಾಲೀಕರು. 2024ರ ಫೆಬ್ರವರಿ 13ರಿಂದ ಈ ದಂಡ ಮೊದಲ ಸಲಕ್ಕೆ ಒಬ್ಬ ಅನಧಿಕೃತ ನೌಕರನಿಗೆ 45,000 ಪೌಂಡ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 60,000 ಪೌಂಡ್‌ವರೆಗೆ ಇದೆ. ಸಣ್ಣ ಅಂಗಡಿಯೊಂದು ಮುಚ್ಚಿಹೋಗಲು ಇಷ್ಟು ಸಾಕು.

ಆದ್ದರಿಂದಲೇ ಗೃಹ ಇಲಾಖೆ ವರ್ಗಾವಣೆಯ ದಿನದಿಂದ 60 ದಿನಗಳ ಕಾಲಾವಕಾಶ ಕೊಟ್ಟಿದೆ. ಅಷ್ಟರಲ್ಲಿ ಎಲ್ಲರ ತಪಾಸಣೆಯನ್ನೂ ಹೊಸದಾಗಿ ಮಾಡಿಬಿಡುವುದೇ ಕ್ಷೇಮ. ಬ್ರಿಟಿಷ್, ಐರಿಷ್ ನಾಗರಿಕರಾದರೆ ಮೂಲ ಪಾಸ್‌ಪೋರ್ಟ್ ನೋಡಿ, ಪ್ರತಿ ತೆಗೆದು, ನೋಡಿದ ದಿನಾಂಕ ಬರೆದಿಡಬೇಕು. ಇ-ವೀಸಾ ಇರುವವರು ‘ಶೇರ್ ಕೋಡ್’ ಕೊಡುತ್ತಾರೆ; ಅದು 90 ದಿನ ಚಾಲ್ತಿಯಲ್ಲಿರುತ್ತದೆ. ನೌಕರರ ಮೊಬೈಲಿನಲ್ಲಿ ತೋರಿಸಿದ್ದನ್ನು ನೋಡಿದರೆ ಸಾಲದು, ಮಾಲೀಕರಿಗೆಂದೇ ಇರುವ ಸರ್ಕಾರಿ ಪುಟದಲ್ಲಿ ಕೋಡ್ ಮತ್ತು ಜನ್ಮದಿನಾಂಕ ಹಾಕಿ, ಫೋಟೋ ಆ ವ್ಯಕ್ತಿಯದೇ ಎಂದು ಹೋಲಿಸಿ ನೋಡಬೇಕು. ಈ ದಾಖಲೆಗಳನ್ನು ನೌಕರಿ ಇರುವಷ್ಟು ಕಾಲ, ಬಿಟ್ಟ ಮೇಲೆ ಇನ್ನೂ 2 ವರ್ಷ ಕಾಪಾಡಬೇಕು. ವೀಸಾ ಮುಗಿಯುವ ದಿನಾಂಕಗಳನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. 60 ದಿನಗಳ ನಡುವೆಯೇ ಒಬ್ಬರ ವೀಸಾ ಮುಗಿಯುವುದಿದ್ದರೆ ಅದನ್ನು ಮೊದಲು ನೋಡಬೇಕು.

ಹೆಸರು, ಮೈಬಣ್ಣ ನೋಡಿ ಕೆಲವರನ್ನಷ್ಟೇ ತಪಾಸಿಸುವಂತಿಲ್ಲ. ಅದು 2010ರ ಸಮಾನತಾ ಕಾಯ್ದೆಯಡಿ ತಾರತಮ್ಯದ ದೂರಿಗೆ ದಾರಿ. ನಮ್ಮವರೇ ಮಾಲೀಕರಾಗಿ, ಪರಿಚಯದವರನ್ನು ‘ಗೊತ್ತಿರುವವರು’ ಎಂದು ಬಿಟ್ಟುಬಿಡುವುದೂ ಅಷ್ಟೇ ತಪ್ಪು.

ಸ್ಕಿಲ್ಡ್ ವರ್ಕರ್ ವೀಸಾದವರ ವಿಷಯ ಬೇರೆ. ಇಲ್ಲಿ 60 ದಿನ ಎಂದು ಕೂತರೆ ಆಗದು: ಹೊಸ ಮಾಲೀಕರಿಗೆ ಸ್ಪಾನ್ಸರ್ ಲೈಸೆನ್ಸ್ ಇಲ್ಲದಿದ್ದರೆ 20 ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು. ತಪ್ಪಿದರೆ ನೌಕರರ ವೀಸಾ ಅವಧಿಯೇ ಮೊಟಕಾಗಬಹುದು. ಕರ್ನಾಟಕದಿಂದ ಹೋಗಿ ಇಂಥ ವೀಸಾದಲ್ಲಿ ದುಡಿಯುತ್ತಿರುವವರು, ಮಾಲೀಕರು ಬದಲಾಗುವ ಸುದ್ದಿ ಕೇಳಿದ ಕೂಡಲೇ ಲೈಸೆನ್ಸ್ ವಿಷಯ ವಿಚಾರಿಸಿಕೊಳ್ಳಬೇಕು.

ಕಂಪನಿಯ ಷೇರುಗಳನ್ನಷ್ಟೇ ಕೊಂಡಿದ್ದರೆ ಕಾನೂನಿನ ಲೆಕ್ಕದಲ್ಲಿ ಮಾಲೀಕ ಸಂಸ್ಥೆ ಬದಲಾಗಿರುವುದಿಲ್ಲ. ಟ್ಯೂಪಿಯೂ ಇಲ್ಲ, ಈ 60 ದಿನಗಳೂ ಇಲ್ಲ. ಅಂಥ ಖರೀದಿಯಲ್ಲಿ ಸಹಿ ಹಾಕುವ ಮುನ್ನವೇ ನೌಕರರ ಕಡತಗಳನ್ನು ತರಿಸಿ ನೋಡಬೇಕು.